ಬಸ್ಸು ಹತ್ತಿದ ಅಲೆಹಲಗೆ

ಮಾಲೂರಿಗೆ ಹೋಗುವ ಬೆಳಗಿನ ಬಸ್ಸು ಶಿವಾರಪಟ್ಟಣದಲ್ಲಿ ನಿಂತಾಗ ಕಂಡಕ್ಟರು ಕೆಳಗಿಳಿದು ಆ ಉದ್ದನೆಯ ಗಂಟನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದ. ಗೋಣಿತಾಟಿನಲ್ಲಿ ಸುತ್ತಿ, ಮೂರು ಕಡೆ ಹುರಿಯಿಂದ ಬಿಗಿದಿದ್ದ ಅದು ಆಳಿಗಿಂತ ಎತ್ತರವಾಗಿತ್ತು. ಈ ಊರಿನಲ್ಲಿ ಗಂಟು ಹತ್ತಿಸುವುದು ಅವನಿಗೇನೂ ಹೊಸದಲ್ಲ.

“ಯಾವ ದೇವರಪ್ಪಾ ಇದು? ಇಷ್ಟುದ್ದ ಐತೆ, ಆಂಜನೇಯನಾ?” ಎಂದ.

“ದೇವರಲ್ಲಣ್ಣ, ಹಲಗೆ. ಸಮುದ್ರದ ಅಲೆ ಮೇಲೆ ನಿಂತ್ಕೊಳ್ಳೋ ಹಲಗೆ” ಎಂದ ಹುಡುಗ.

ಕಂಡಕ್ಟರು ನಂಬಲಿಲ್ಲ. ಕಲ್ಲೆಂದೇ ತಿಳಿದು ಕಾಲು ಅಗಲಿಸಿ, ಉಸಿರು ಬಿಗಿಹಿಡಿದು ಒಂದು ತುದಿಯನ್ನು ಎತ್ತಿದ. ನಾಲ್ಕೈದು ಕೆ.ಜಿ.ಯ ಗಂಟು ಸರಕ್ಕನೆ ಮೇಲೆದ್ದು, ಆತ ಹಿಂದಕ್ಕೆ ವಾಲಿದ. ಬಸ್ಸಿನಲ್ಲಿದ್ದ ಹೂವಿನ ಬುಟ್ಟಿಯ ಹೆಂಗಸರು ನಕ್ಕರು. ನಿಲ್ದಾಣದಲ್ಲಿ ನಿಂತಿದ್ದ ಹುಡುಗನ ಅಪ್ಪ ಮಾತ್ರ ನಗಲಿಲ್ಲ. “ಮೂತಿ ಕಡೆ ಹುಷಾರು” ಎಂದಷ್ಟೇ ಹೇಳಿದರು. ಇದು ನಡೆದದ್ದು 2025ರ ಜುಲೈ ತಿಂಗಳಲ್ಲಿ, ಆಷಾಢದ ಗಾಳಿ ಬೀಸುತ್ತಿದ್ದ ಒಂದು ಬೆಳಿಗ್ಗೆ.

ಮಾಲೂರು ತಾಲ್ಲೂಕಿನ ಶಿವಾರಪಟ್ಟಣ ಶಿಲ್ಪಿಗಳ ಊರು. ಬೀದಿಯಲ್ಲಿ ನಡೆದರೆ ಜಗಲಿಯಲ್ಲಿ, ಚಪ್ಪರದ ಕೆಳಗೆ ಉಳಿಯ ಸದ್ದು ಕೇಳುತ್ತದೆ. ಅರ್ಧ ಕೆತ್ತಿದ ಗಣಪತಿ, ಇನ್ನೂ ಕಣ್ಣು ತೆರೆಯದ ದೇವಿ, ಪ್ರಭಾವಳಿಗೆ ಕಾದಿರುವ ವೆಂಕಟರಮಣ ಸಾಲಾಗಿ ನಿಂತಿರುತ್ತಾರೆ. ಇಲ್ಲಿ ಕೆತ್ತಿದ ಮೂರ್ತಿಗಳು ನಾಡಿನ ಗುಡಿಗಳಿಗಷ್ಟೇ ಅಲ್ಲ, ಹೊರದೇಶಗಳಿಗೂ ಹೋಗುತ್ತವೆ. ಆದರೆ ಕೋಲಾರ ಸೀಮೆಗೂ ಕಡಲಿಗೂ ಎತ್ತಣ ಸಂಬಂಧ? ಇದು ಕೆರೆಗಳ ಜಿಲ್ಲೆ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಕಡೆ ಹುಟ್ಟಿದ ಹುಡುಗ ಅಲೆಯ ಬೆನ್ನು ಹತ್ತಿದ್ದೇ ಮನೆಯವರಿಗೆ ಬಿಡಿಸಲಾಗದ ಒಗಟಾಗಿತ್ತು.

ಮಂಗಳೂರಿನಲ್ಲಿ ಹತ್ತಿದ ಹುಚ್ಚು

ಡಿಗ್ರಿ ಓದಲು ಹುಡುಗ ಮಂಗಳೂರಿಗೆ ಹೋಗಿದ್ದ. ಅಲ್ಲಿಗೆ ಹತ್ತಿರದ ಮೂಲ್ಕಿಯಲ್ಲಿ 2004ರಲ್ಲೇ ಮಂತ್ರ ಸರ್ಫ್ ಕ್ಲಬ್ ಆರಂಭವಾಗಿ, ಅಲೆಸವಾರಿಯನ್ನು ಕರಾವಳಿಯ ಮಕ್ಕಳಿಗೆ ಪರಿಚಯಿಸಿತ್ತು. ಆಮೇಲೆ ಸಸಿಹಿತ್ಲು ಕಡಲತೀರದಲ್ಲಿ ರಾಷ್ಟ್ರಮಟ್ಟದ ಸ್ಪರ್ಧೆಗಳೂ ನಡೆದವು. ಗೆಳೆಯರೊಂದಿಗೆ ನೋಡಲು ಹೋದವನು ನೀರಿಗಿಳಿದ. ಮೊದಲ ದಿನ ಹಲಗೆಯ ಮೇಲೆ ನಿಂತದ್ದು ಎರಡು ಕ್ಷಣ, ಉಪ್ಪುನೀರು ಕುಡಿದದ್ದು ಎರಡು ಗಂಟೆ. ಮೂರನೇ ವರ್ಷಕ್ಕೆ ಬರುವಷ್ಟರಲ್ಲಿ ಭಾನುವಾರಗಳಲ್ಲಿ ಒಂದು ತರಬೇತಿ ಶಾಲೆಯಲ್ಲಿ ಸಹಾಯಕನಾಗಿ ನಿಲ್ಲುತ್ತಿದ್ದ. ಪರೀಕ್ಷೆಯಲ್ಲಿ ಪಾಸಾದ, ಅಂಕಗಳು ಮಾತ್ರ ಸಾಧಾರಣ.

ಹಿರಿಯ ಸವಾರರೊಬ್ಬರು ತಮ್ಮ ಹಳೆಯ ಏಳಡಿಯ ಹಲಗೆಯನ್ನೂ ಕೈಟ್‌ಬೋರ್ಡಿಂಗಿನ ಗಾಳಿಪಟವನ್ನೂ ಕಂತಿನ ಮೇಲೆ ಅವನಿಗೆ ಕೊಟ್ಟರು. ಈ ಗಾಳಿಪಟ ಆಷಾಢದಲ್ಲಿ ಮಾಳಿಗೆ ಮೇಲೆ ಹಾರಿಸುವ ಕಾಗದದ ಪಟದ ದೊಡ್ಡಣ್ಣ. ಬಿಚ್ಚಿ ಹರಡಿದರೆ ಹತ್ತು ಚದರ ಮೀಟರಿನ ಬಟ್ಟೆ, ಪಂಪಿನಿಂದ ಗಾಳಿ ತುಂಬುವ ಅಂಚು, 20 ಮೀಟರಿಗೂ ಉದ್ದದ ದಾರಗಳು, ಸವಾರನ ಸೊಂಟಕ್ಕೆ ಬಿಗಿಯುವ ಪಟ್ಟಿ. ಗಾಳಿ ಪಟವನ್ನು ಎಳೆಯುತ್ತದೆ, ಪಟ ಸವಾರನನ್ನು ಎಳೆಯುತ್ತದೆ, ಸವಾರ ಚಿಕ್ಕ ಹಲಗೆಯ ಮೇಲೆ ನೀರನ್ನು ಸೀಳುತ್ತಾನೆ. ಅಂಚಿನಲ್ಲಿ ಗಾಳಿ ತುಂಬಿರುವುದರಿಂದ ನೀರಿಗೆ ಬಿದ್ದರೂ ಮುಳುಗದೆ ಮತ್ತೆ ಮೇಲೇಳುವ ಈ ಪಟಕ್ಕೆ ಫ್ರಾನ್ಸಿನ ಲೆಗೆನ್ಯೂ ಸಹೋದರರು 1984ರಲ್ಲಿ ಪೇಟೆಂಟ್ ಅರ್ಜಿ ಹಾಕಿದ್ದರು. ಅಲೆಸವಾರಿ ಟೋಕಿಯೊ ಒಲಿಂಪಿಕ್ಸಿನಲ್ಲಿ ಮೊದಲ ಬಾರಿ ಸೇರಿತು. ಆ ಕ್ರೀಡಾಕೂಟ ನಡೆದದ್ದು 2021ರಲ್ಲಿ. ಗಾಳಿಪಟದ ಓಟ 2024ರ ಪ್ಯಾರಿಸ್ ಒಲಿಂಪಿಕ್ಸಿಗೆ ಬಂತು. ಇದನ್ನೆಲ್ಲ ಹುಡುಗ ಮನೆಯಲ್ಲಿ ಎಷ್ಟು ಸಲ ಹೇಳಿದರೂ ಅಮ್ಮನ ಪ್ರಶ್ನೆ ಒಂದೇ: “ಅದರಿಂದ ಹೊಟ್ಟೆ ತುಂಬ್ತದಾ?”

ನರಸಾಪುರದ ಕಾರ್ಖಾನೆಗಳಿಗೆ ಅರ್ಜಿ ಹಾಕಲಿ ಎಂಬುದು ಅಮ್ಮನ ಆಸೆ. ಉಳಿ ಹಿಡಿಯಲಿ ಎಂಬುದು ಅಪ್ಪನದು. ಅಪ್ಪ ಅದನ್ನು ಬಾಯಿಬಿಟ್ಟು ಹೇಳಿದವರಲ್ಲ. ಹುಡುಗ ಕೇಳಿದ್ದು ಒಂದು ತಿಂಗಳು. ಮಳೆಗಾಲದಲ್ಲಿ ಮಂಗಳೂರಿನ ಕಡಲು ರೊಚ್ಚಿಗೆದ್ದು ಅಲೆಸವಾರಿ ನಿಂತುಹೋಗುತ್ತದೆ. ಆದರೆ ಅದೇ ನೈರುತ್ಯ ಮಾರುತ ಶ್ರೀಲಂಕಾದ ಕಲ್ಪಿಟಿಯದಲ್ಲಿ ಗಾಳಿಪಟಕ್ಕೆ ಹದವಾಗಿ ಬೀಸುತ್ತದೆ; ಅದೇ ತಿಂಗಳುಗಳಲ್ಲಿ ಪೂರ್ವ ತೀರದ ಅರುಗಂ ಕೊಲ್ಲಿಗೆ ಒಳ್ಳೆಯ ಅಲೆ ಬರುತ್ತದೆ. “ಅಲ್ಲಿ ನಿಂತು ನೋಡ್ತೀನಿ. ನನ್ನಿಂದ ಆಗಲ್ಲ ಅನ್ನಿಸಿದರೆ ವಾಪಸು ಬಂದು ನೀವು ಹೇಳಿದ ಕಡೆ ಅರ್ಜಿ ಹಾಕ್ತೀನಿ” ಎಂದ.

“ಆಷಾಢದಲ್ಲಿ ಯಾರಾದ್ರೂ ಹೊಸದಕ್ಕೆ ಹೊರಡ್ತಾರೇನೋ? ಆಷಾಢ ಕಳೀಲಿ” ಎಂದರು ಅಮ್ಮ.

“ಆಷಾಢ ಕಳೆದರೆ ಗಾಳಿಯೂ ಕಳೀತದಮ್ಮ” ಎಂದ ಮಗ.

ಅಪ್ಪ ಕಟ್ಟಿದ ಗಂಟು

ವಿಮಾನದಲ್ಲಿ ಹೋದರೆ ಏಳಡಿಯ ಹಲಗೆಗೆ ಬೇರೆ ಹಣ ತೆರಬೇಕು. ಹುಡುಗ ಕಂಡುಕೊಂಡದ್ದು ಬಸ್ಸಿನ ದಾರಿ. ತಮಿಳುನಾಡಿನ ನಾಗಪಟ್ಟಿಣಂನಿಂದ ಜಾಫ್ನಾ ಬಳಿಯ ಕಾಂಕೇಸನ್‌ತುರೈಗೆ 2023ರ ಅಕ್ಟೋಬರಿನಲ್ಲಿ ಪ್ರಯಾಣಿಕರ ಹಡಗು ಆರಂಭವಾಗಿ, ನಡುವೆ ನಿಂತು, 2024ರ ಆಗಸ್ಟಿನಲ್ಲಿ ಮತ್ತೆ ಓಡತೊಡಗಿತ್ತು. ಹಡಗಿನ ನಾಲ್ಕೈದು ಗಂಟೆಗಳನ್ನು ಬಿಟ್ಟರೆ ಉಳಿದದ್ದೆಲ್ಲ ಬಸ್ಸು.

ಹೊರಡುವ ಹಿಂದಿನ ಸಂಜೆ ಹುಡುಗ ಹಲಗೆಯನ್ನು ಅದರ ಚೀಲಕ್ಕೆ ತುರುಕಿ ಜಿಪ್ಪು ಎಳೆಯುತ್ತಿದ್ದುದನ್ನು ಅಪ್ಪ ಜಗಲಿಯಿಂದಲೇ ನೋಡುತ್ತಿದ್ದರು. ಕೊನೆಗೆ ತಡೆಯಲಾರದೆ ಉಳಿ ಕೆಳಗಿಟ್ಟು ಎದ್ದುಬಂದರು. “ಇದರಲ್ಲಿ ಮೊದಲು ಮುರಿಯೋದು ಯಾವುದು?” ಎಂದು ಕೇಳಿದರು.

ಆ ಪ್ರಶ್ನೆಯ ಹಿಂದೆ ಒಂದು ಹಳೆಯ ಗಾಯವಿತ್ತು. ಅಪ್ಪ ಇಪ್ಪತ್ತರ ಹುಡುಗನಾಗಿದ್ದಾಗ ತಾವೇ ಕೆತ್ತಿದ ಮೊದಲ ಗಣಪತಿಯನ್ನು ಬಸ್ಸಿನಲ್ಲಿ ಬೆಂಗಳೂರಿಗೆ ಒಯ್ದಿದ್ದರು. ಒಂದೂವರೆ ತಿಂಗಳ ಕೆಲಸ. ದಾರಿಯಲ್ಲಿ ಯಾರದೋ ಟ್ರಂಕು ಜಾರಿ ಮೂರ್ತಿಯ ಮೇಲೆ ಬಿತ್ತು. ಸೊಂಡಿಲ ತುದಿಯಿಂದ ಹೆಬ್ಬೆರಳಷ್ಟು ಕಲ್ಲು ಹಾರಿಹೋಯಿತು. ಭಿನ್ನವಾದ ಮೂರ್ತಿಗೆ ಪ್ರತಿಷ್ಠೆಯಿಲ್ಲ, ಪೂಜೆಯಿಲ್ಲ. ಅದೇ ಬಸ್ಸಿನಲ್ಲಿ ಹೊತ್ತು ತಂದ ಆ ಗಣಪತಿ ಇವತ್ತಿಗೂ ಮನೆಯ ಹಿತ್ತಲಲ್ಲಿ ಸೀಬೆಗಿಡದ ಬುಡದಲ್ಲಿ ಕೂತಿದೆ. ಅಂದಿನಿಂದ ಅವರು ಕೆತ್ತುವುದಕ್ಕೆ ಎಷ್ಟು ಗಮನ ಕೊಡುತ್ತಾರೋ ಕಟ್ಟುವುದಕ್ಕೂ ಅಷ್ಟೇ ಗಮನ ಕೊಡುತ್ತಾರೆ.

ಹುಡುಗ ವಿವರಿಸಿದ. ಹಲಗೆಯ ಒಳಗಿರುವುದು ಹಗುರವಾದ ನೊರೆಯಂಥ ಫೋಮು. ಮೇಲೆ ಗಾಜಿನ ನಾರಿನ ಬಟ್ಟೆ, ಅದಕ್ಕೆ ರಾಳದ ಲೇಪ. ಮೂತಿ, ಬಾಲ ಮತ್ತು ಎರಡೂ ಅಂಚುಗಳು ಸೂಕ್ಷ್ಮ. ಅಡಿಯಲ್ಲಿ ಮೀನಿನ ರೆಕ್ಕೆಯಂಥ ಫಿನ್ನುಗಳಿವೆ, ಅವನ್ನು ಬಿಚ್ಚಬಹುದು.

“ಬಿಚ್ಚೋಕೆ ಬರೋದನ್ನೆಲ್ಲ ಮೊದಲು ಬಿಚ್ಚು. ಚಾಚಿಕೊಂಡಿರೋದೇ ಮುರಿಯೋದು” ಎಂದರು ಅಪ್ಪ. ಮೂರ್ತಿಯ ಕೈ, ಕಿವಿ, ಸೊಂಡಿಲನ್ನು ಮೊದಲು ತುಂಬಿ, ಆಮೇಲೆ ಮೈಗೆ ಸುತ್ತುವುದು ಅವರ ಕ್ರಮ. ಊರೊಳಗಿನ ಸಾಗಣೆಗೆ ರಾಗಿಹುಲ್ಲು ಸಾಕು. ಹೊರದೇಶಕ್ಕೆ ಹುಲ್ಲು ಕೂಡದು. ಮರದ ಪೆಟ್ಟಿಗೆಯಾದರೆ ಅದಕ್ಕೆ ಶಾಖ ಕೊಟ್ಟು ಮುದ್ರೆ ಒತ್ತಿಸಿರಬೇಕು. ಆದ್ದರಿಂದ ಅವರು ಹಳೆಯ ಪಂಚೆಯನ್ನು ಹರಿದು ಮೂತಿಗೂ ಬಾಲಕ್ಕೂ ಟೋಪಿ ಹಾಕಿದರು. ಅಮ್ಮ ಒಳಗಿನಿಂದ ಹಳೆ ಸೀರೆಗಳ ಒಂದು ಕೌದಿ ತಂದು, ಮಾತಿಲ್ಲದೆ ಮುಂದಿಟ್ಟರು. ಹಲಗೆಗೆ ಕೌದಿ, ಅದರ ಮೇಲೆ ಚೀಲ, ಚೀಲದ ಮೇಲೆ ಗೋಣಿತಾಟು. ಗಾಳಿಪಟ, ಪಂಪು, ಪಟ್ಟಿ, ಚಿಕ್ಕ ಹಲಗೆ ಎಲ್ಲ ಬೆನ್ನಿನ ಚೀಲಕ್ಕೆ ಸೇರಿದವು. ಎಲ್ಲ ಕೂಡಿ 20 ಕೆ.ಜಿ. ಆಸುಪಾಸು.

“ಈಗ ಇದನ್ನ ಹೊತ್ಕೊಂಡು ಕೆರೆ ಏರಿತನಕ ಹೋಗಿ ಬಾ. ಒಬ್ಬನೇ ಹೊರೋಕೆ ಆಗದಿದ್ದರೆ ಒಬ್ಬನೇ ಹೋಗೋಕೂ ಆಗಲ್ಲ” ಎಂದರು. ಹುಡುಗ ಹೋಗಿ ಬಂದ. ಬೆವರು ಸುರಿಯುತ್ತಿತ್ತು. ಎರಡು ಜೊತೆ ಬಟ್ಟೆಯನ್ನು ತೆಗೆದಿಟ್ಟ.

ಕಂಡಕ್ಟರನ ಮುಖ ನೋಡಿ

ಮಾಲೂರಿನಿಂದ ಹೊಸೂರು, ಅಲ್ಲಿಂದ ಸೇಲಂ, ತಿರುಚಿರಾಪಳ್ಳಿ, ನಾಗಪಟ್ಟಿಣಂ. ನಾಲ್ಕು ಬಸ್ಸು, ನಾಲ್ಕು ಬಗೆಯ ಕಂಡಕ್ಟರು. ಉದ್ದನೆಯ ಸಾಮಾನು ಹೊತ್ತವನಿಗೆ ಬಸ್ಸಿನ ಪ್ರಯಾಣವೆಂದರೆ ತೂಕದ ಲೆಕ್ಕಕ್ಕಿಂತ ಮನುಷ್ಯರ ಲೆಕ್ಕ ಎಂಬುದು ಹುಡುಗನಿಗೆ ಬೇಗ ತಿಳಿಯಿತು. ಬಸ್ಸು ಹೊರಡುವ ಹೊತ್ತಿಗೆ ಓಡಿಬಂದು “ಹಾಕ್ಕೊಳ್ಳಿ” ಎಂದರೆ ಯಾರೂ ಹಾಕಿಕೊಳ್ಳುವುದಿಲ್ಲ. ಅರ್ಧ ಗಂಟೆ ಮೊದಲೇ ಹೋಗಿ, ಡ್ರೈವರು ಚಹಾ ಕುಡಿಯುವಾಗ ಪಕ್ಕದಲ್ಲಿ ನಿಂತು, ಒಳಗಿರುವುದು ಏನೆಂದು ಹೇಳಿ, ಲಗೇಜಿಗೆ ಎಷ್ಟು ಕೊಡಬೇಕೆಂದು ಮೊದಲೇ ಕೇಳಿದರೆ ಜಾಗ ತಾನಾಗಿ ಹುಟ್ಟುತ್ತದೆ. ಸೇಲಂನಲ್ಲಿ ಒಬ್ಬ ಡ್ರೈವರು ಗಂಟನ್ನು ಮುಟ್ಟಿ ನೋಡಿ, ಕೊನೆಯ ಸೀಟಿನ ಉದ್ದಕ್ಕೂ ಮಲಗಿಸಿ, “ಇವನೂ ಒಬ್ಬ ಪ್ಯಾಸೆಂಜರು” ಎಂದು ನಕ್ಕ. ಅಡಿಯ ಡಿಕ್ಕಿಯೇ ಗತಿಯಾದಾಗ ಎಲ್ಲರ ಪೆಟ್ಟಿಗೆಗಳೂ ಒಳಗೆ ಹೋಗುವ ತನಕ ಕಾದು, ಕೊನೆಯಲ್ಲಿ ಮೇಲುಗಡೆ ಇಡುವುದನ್ನು ಕಲಿತ. ಬಸ್ಸು ನಿಂತ ಕಡೆಯೆಲ್ಲ ಇಳಿದು ನೋಡಿದ.

ಹಡಗಿನವರನ್ನು ಮೊದಲೇ ವಿಚಾರಿಸಿ, ಹಲಗೆಯ ಅಳತೆ ಹೇಳಿಟ್ಟಿದ್ದ. ಹತ್ತುವಾಗ ಅಧಿಕಾರಿಗಳು ಗಂಟನ್ನು ಬಿಚ್ಚಿಸಿದರು. ಕೌದಿಯನ್ನು ಕಂಡು ಒಬ್ಬರು, “ಇದು ಯಾರಿಗೆ?” ಎಂದು ತಮಿಳಿನಲ್ಲಿ ಕೇಳಿದರು. “ಹಲಗೆಗೆ” ಎಂದ ಹುಡುಗ.

ಮಾಲೂರು ಕಡೆಯ ಹುಡುಗರಿಗೆ ಕನ್ನಡದ ಜೊತೆಗೆ ತೆಲುಗು, ಒಂದಷ್ಟು ತಮಿಳು ನಾಲಿಗೆಯ ತುದಿಯಲ್ಲೇ ಇರುತ್ತದೆ. ಊರಲ್ಲಿ ಯಾರೂ ವಿದ್ಯೆ ಎಂದು ಲೆಕ್ಕಕ್ಕಿಡದ ಆ ಸಂತೆಯ ತಮಿಳು ಜಾಫ್ನಾದಲ್ಲಿ, ಕಲ್ಪಿಟಿಯದಲ್ಲಿ, ಪೊತ್ತುವಿಲ್‌ನಲ್ಲಿ ಅವನ ಕೈಹಿಡಿಯಿತು. ಪುತ್ತಳಂನಿಂದ ಕಲ್ಪಿಟಿಯಕ್ಕೆ ಹೋಗುವ ಬಸ್ಸಿನಲ್ಲಿ ಡ್ರೈವರಿನ ಪಕ್ಕ, ಎಂಜಿನಿನ ಬಳಿ ಸಾಮಾನು ಇಡುವ ಜಾಗ. ಹಲಗೆ ಇಡುವ ಮೊದಲು ಹುಡುಗ ಅಲ್ಲಿ ಅಂಗೈ ಇಟ್ಟು ನೋಡಿದ. ಕಾದ ಕಾವಲಿಯಂತಿತ್ತು. ಬಿಸಿಗೆ ಫೋಮಿನಿಂದ ಹೊರಪದರ ಬಿಟ್ಟುಕೊಂಡು ಗುಳ್ಳೆ ಏಳುತ್ತದೆ. ಹಲಗೆಗೆ ಸವರಿದ ಮೇಣ ಕರಗಿ ಹರಿಯುತ್ತದೆ. “ಅಣ್ಣಾ, ಇದಕ್ಕೆ ಬಿಸಿ ಆಗಲ್ಲ” ಎಂದು ತಮಿಳಿನಲ್ಲಿ ಹೇಳಿದ್ದೇ ತಡ, ಮೀನಿನ ಬುಟ್ಟಿಯ ಮುದುಕಿಯೊಬ್ಬಳು ಕಾಲು ಮಡಚಿ ತನ್ನ ಸೀಟಿನ ಅಡಿಯಲ್ಲಿ ಅದರ ಬಾಲಕ್ಕೆ ಜಾಗ ಕೊಟ್ಟಳು.

ಕಲ್ಪಿಟಿಯದಲ್ಲಿ ಮರಳ ದಿಬ್ಬವೊಂದು ಕಡಲನ್ನು ತಡೆದು ಹಿನ್ನೀರನ್ನು ತಟ್ಟೆಯಂತೆ ಸಮವಾಗಿಸುತ್ತದೆ. ಗಾಳಿ ಮಾತ್ರ ತಡೆಯಿಲ್ಲದೆ ಬರುತ್ತದೆ. ಹತ್ತು ದಿನ ಅಲ್ಲಿ ಬಿದ್ದು, ಎದ್ದು, ಪಟದ ದಾರ ಸಿಕ್ಕು ಹಾಕಿಕೊಂಡು, ಕೊನೆಗೆ ಹೊರಟ ಜಾಗಕ್ಕೇ ಮರಳಿ ಬರುವುದನ್ನು ಹುಡುಗ ಕಲಿತ. ಗಾಳಿಪಟದ ಸವಾರಿಯಲ್ಲಿ ಕಷ್ಟದ ಪಾಠ ಅದೇ. ಗಾಳಿಯ ಜೊತೆ ದೂರ ಹೋಗಲು ಯಾರಿಗಾದರೂ ಆದೀತು. ಹಿಂದಿರುಗಿ ಬರಲು ಗಾಳಿಗೆ ಓರೆಯಾಗಿ ಅಂಚು ಒತ್ತಿ ನಿಲ್ಲಬೇಕು.

ಒಂದು ರಾತ್ರಿಯ ಚಳಿ

ತಪ್ಪು ನಡೆದದ್ದು ಕೊಲಂಬೊದಿಂದ ಪೊತ್ತುವಿಲ್‌ಗೆ ಹೋಗುವ ರಾತ್ರಿ ಬಸ್ಸಿನಲ್ಲಿ. ಹುಡುಗ ದಣಿದಿದ್ದ. ಕಲ್ಪಿಟಿಯದಲ್ಲಿ ಗಂಟನ್ನು ಬಿಚ್ಚಿ ನೋಡಿದ್ದವನು ಮತ್ತೆ ಕಟ್ಟುವಾಗ ಕೌದಿಯನ್ನು ಹೊರಗೇ ಉಳಿಸಿಕೊಂಡ. ಬಸ್ಸಿನೊಳಗೆ ಎ.ಸಿ.ಯ ಚಳಿ ಕೊರೆಯುತ್ತದೆ ಎಂದು ಯಾರೋ ಹೇಳಿದ್ದರು. ಹಲಗೆ ಡಿಕ್ಕಿಗೆ ಹೋಯಿತು, ಕೌದಿ ಅವನ ಮೈಮೇಲೆ ಬಂತು. ಅಮ್ಮನ ಹಳೆ ಸೀರೆಯ ವಾಸನೆಗೆ ನಿದ್ದೆ ಎಳೆದುಕೊಂಡು ಹೋಯಿತು. ದಾರಿಯಲ್ಲಿ ಬಸ್ಸು ಎಷ್ಟು ಕಡೆ ನಿಂತಿತು, ಯಾರು ಇಳಿದರು, ಯಾರು ಏನು ಹೇರಿದರು, ಒಂದೂ ತಿಳಿಯಲಿಲ್ಲ.

ಬೆಳಗಾಗ ಇಳಿದು ನೋಡಿದರೆ ಗಂಟಿನ ಮೇಲೆ ಎರಡು ಮೂಟೆಗಳು. ಬಾಲದ ಅಂಚಿನಲ್ಲಿ ಗೇಣುದ್ದದ ಬಿರುಕು. ಒಳಗಿನ ಬಿಳಿ ಫೋಮು ಕಾಣುತ್ತಿತ್ತು.

ಹುಡುಗ ನಿಲ್ದಾಣದ ಕಟ್ಟೆಯ ಮೇಲೆ ಬಹಳ ಹೊತ್ತು ಕೂತ. ಹಿತ್ತಲಿನ ಗಣಪತಿ ಕಣ್ಣ ಮುಂದೆ ಬಂತು. ಮನೆಗೆ ಫೋನು ಮಾಡಿ, ಅಪ್ಪ ಎತ್ತಿಕೊಂಡಾಗ ಮಾತೇ ಹೊರಡಲಿಲ್ಲ. ಕೊನೆಗೆ, “ಅಪ್ಪ, ಭಿನ್ನ ಆಗೋಯ್ತು” ಎಂದ.

ಆ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ಅಪ್ಪ ಕೇಳಿದರು: “ಅದೇನು ದೇವರೇನೋ? ಹಲಗೆ ತಾನೆ? ಅಂಟಿಸೋಕೆ ಬರ್ತದಾ ನೋಡು.”

ಅಂಟಿಸಲು ಬರುತ್ತಿತ್ತು. ಅರುಗಂ ಕೊಲ್ಲಿಯಲ್ಲಿ ಅಲೆಹಲಗೆಗಳ ದುರಸ್ತಿಯವರಿಗೆ ಬರಗಾಲವಿಲ್ಲ. ಬಿರುಕು ಬಿಟ್ಟ ಹಲಗೆಯನ್ನು ಹಾಗೆಯೇ ನೀರಿಗಿಳಿಸಿದರೆ ಫೋಮು ನೀರು ಹೀರಿ ಭಾರವಾಗಿ ಕೆಡುತ್ತದೆ. ಮೊದಲು ಪೂರ್ತಿ ಒಣಗಿಸಬೇಕು, ಸಡಿಲವಾದದ್ದನ್ನು ಕೆರೆದು ತೆಗೆಯಬೇಕು, ಗಾಜಿನ ನಾರಿನ ತುಂಡಿಟ್ಟು ರಾಳ ಸವರಬೇಕು, ಗಟ್ಟಿಯಾದ ಮೇಲೆ ಉಜ್ಜಿ ಅಂಚಿಗೆ ಸಮ ಮಾಡಬೇಕು. ಕೂಲಿ ಉಳಿಸಲೆಂದು ಉಜ್ಜುವ ಕೆಲಸವನ್ನು ಹುಡುಗ ತಾನೇ ಕೇಳಿ ಪಡೆದ. ಒರಟು ಕಾಗದದಿಂದ ನಯವಾದದ್ದಕ್ಕೆ ಒಂದೊಂದೇ ಮೆಟ್ಟಿಲು ಇಳಿಯುತ್ತ, ನಡುನಡುವೆ ಕಣ್ಣು ಮುಚ್ಚಿ ಬೆರಳಿನಿಂದ ತಡವಿ ನೋಡುತ್ತ ಕೂತ. ಕಲ್ಲಿಗೆ ಹೊಳಪು ಕೊಡುವಾಗ ಅಪ್ಪ ಮಾಡುತ್ತಿದ್ದುದು ಹಾಗೆಯೇ. ದುರಸ್ತಿಯಾತ ಕೆಲಸ ನಿಲ್ಲಿಸಿ ನೋಡಿದ. “ಎಲ್ಲಿ ಕಲಿತೆ?” ಎಂದ. ತಾನು ಎಲ್ಲೂ ಕಲಿತಿಲ್ಲ ಎಂದು ಹೇಳಹೊರಟ ಹುಡುಗ ತಡೆದು, “ಮನೇಲಿ” ಎಂದ.

ಎರಡು ದಿನದ ನಂತರ ಅದೇ ಹಲಗೆಯ ಮೇಲೆ ಅರುಗಂ ಕೊಲ್ಲಿಯ ಉದ್ದನೆಯ, ಬಲಕ್ಕೆ ಮುರಿಯುವ ಅಲೆಯೊಂದನ್ನು ಹಿಡಿದು ದಡದ ತನಕ ಬಂದ.

ಮಹಾಬಲಿಪುರದಲ್ಲಿ ಅಪ್ಪ

ಆಗಸ್ಟಿನಲ್ಲಿ ಮಹಾಬಲಿಪುರದಲ್ಲಿ ಏಷ್ಯನ್ ಸರ್ಫಿಂಗ್ ಚಾಂಪಿಯನ್‌ಷಿಪ್ ಇತ್ತು. ನಾಗಪಟ್ಟಿಣಂನಲ್ಲಿ ಹಡಗಿನಿಂದ ಇಳಿದ ಹುಡುಗ ಪುದುಚೇರಿಯ ದಾರಿಯಾಗಿ ಬಸ್ಸಿನಲ್ಲಿ ಅಲ್ಲಿಗೆ ಬಂದ. ಅಪ್ಪ ಮಾಲೂರಿನಲ್ಲಿ ರೈಲು ಹತ್ತಿ, ಚೆನ್ನೈನಲ್ಲಿ ಬಸ್ಸು ಹಿಡಿದು ಬಂದರು. “ಕಲ್ಲು ನೋಡೋಕೆ ಬರ್ತೀನಿ” ಎಂದು ಹೇಳಿದ್ದರು. ಪಲ್ಲವರ ಕಡಲತೀರದ ಗುಡಿ, ಪಂಚರಥ, ಬಂಡೆಯ ಮೇಲಿನ ಮಹಾಶಿಲ್ಪ ಎಲ್ಲವನ್ನೂ ಒಂದು ಇಡೀ ದಿನ ನೋಡಿದರು. ರಸ್ತೆಯ ಬದಿಯ ಶಿಲ್ಪಿಗಳ ಜೊತೆ ಉಳಿಯ ಮೊನೆಯ ಬಗ್ಗೆ ಮಾತಾಡಿದರು. 1957ರಿಂದ ಅಲ್ಲಿ ಶಿಲ್ಪವನ್ನು ಕಲಿಸುವ ಸರಕಾರಿ ಸಂಸ್ಥೆ ಇದೆಯೆಂದು ಕೇಳಿ, “ಇದಕ್ಕೂ ಕಾಲೇಜು!” ಎಂದು ಬೆರಗಾದರು.

ಮರುದಿನ ಮಗನ ಕಡಲು. ಕರ್ನಾಟಕ ಮೂಲದ ಕುಟುಂಬದಿಂದ ಬಂದು ಕೇರಳದ ಕೋವಳಂನಲ್ಲಿ ಅಲೆ ಹತ್ತಲು ಕಲಿತ ರಮೇಶ್ ಬುದಿಹಾಳ್ ಆ ಕೂಟದಲ್ಲಿ ಕಂಚು ಗೆದ್ದರು. ಈ ಚಾಂಪಿಯನ್‌ಷಿಪ್ಪಿನಲ್ಲಿ ಭಾರತೀಯರೊಬ್ಬರಿಗೆ ವೈಯಕ್ತಿಕ ಪದಕ ಬಂದದ್ದು ಅದೇ ಮೊದಲು. ಜನರ ಕೂಗಾಟದ ನಡುವೆ ಅಪ್ಪ ಅಲೆಯನ್ನು ನೋಡುತ್ತಿರಲಿಲ್ಲ, ಮರಳ ಮೇಲೆ ಮಲಗಿಸಿದ್ದ ಮಗನ ಹಲಗೆಯ ಬಾಲವನ್ನು ತಡವುತ್ತಿದ್ದರು. ಬಿರುಕು ಎಲ್ಲಿತ್ತೆಂದು ಬೆರಳಿಗೆ ಸುಲಭವಾಗಿ ಸಿಗಲಿಲ್ಲ. “ಉಜ್ಜಿದ್ದು ಯಾರು?” ಎಂದು ಕೇಳಿದರು. ಮಗ ಹೇಳಿದ. ಅಪ್ಪ ತಲೆಯಾಡಿಸಿದರು, ಮತ್ತೇನೂ ಅನ್ನಲಿಲ್ಲ.

ಮಕ್ಕಳು ಹೊರಟು ನಿಂತಾಗ ಅವರ ಗಂಟಿನಲ್ಲಿ ಏನಿದೆ ಎಂಬುದು ಹೆತ್ತವರಿಗೆ ಎಷ್ಟೋ ಸಲ ಅರ್ಥವಾಗುವುದಿಲ್ಲ. ಈ ಅಪ್ಪನಿಗೂ ಆಗಿರಲಿಲ್ಲ. ಅರ್ಥವಾಗದ್ದನ್ನು ಬೇಡ ಎನ್ನುವ ಬದಲು, ಅದರಲ್ಲಿ ಮೊದಲು ಮುರಿಯುವುದು ಯಾವುದು ಎಂದು ಅವರು ಕೇಳಿದರು. ಮಗನಾದರೂ, ಮುರಿದದ್ದನ್ನು ಮುಚ್ಚಿಡದೆ ಮೊದಲ ಫೋನನ್ನು ಮನೆಗೇ ಮಾಡಿದ. ಊರೂರು ಅಲೆದ ಆ ಗಂಟಿಗೆ ಗೋಣಿತಾಟಿಗಿಂತ ಗಟ್ಟಿಯಾದ ಹೊದಿಕೆ ಅದೇ ಆಗಿತ್ತು.

ಹುಡುಗ ಕಾರ್ಖಾನೆಗೆ ಅರ್ಜಿ ಹಾಕಲಿಲ್ಲ, ಪೂರ್ತಿ ಕಡಲಿಗೂ ಹೋಗಲಿಲ್ಲ. ಮಳೆ ನಿಂತ ಮೇಲೆ ಕರಾವಳಿಯಲ್ಲಿ ಮಕ್ಕಳಿಗೆ ಅಲೆ ಹತ್ತಲು ಕಲಿಸುವುದು, ಮಳೆಗಾಲದ ನಾಲ್ಕು ತಿಂಗಳು ಶಿವಾರಪಟ್ಟಣದ ಜಗಲಿಯಲ್ಲಿ ಮೂರ್ತಿಗಳಿಗೆ ಹೊಳಪು ಕೊಡುವುದು ಎಂದು ಒಪ್ಪಂದವಾಗಿದೆ. ಇದರಿಂದ ಹೊಟ್ಟೆ ತುಂಬುತ್ತದೆಯೇ ಎಂಬ ಅಮ್ಮನ ಪ್ರಶ್ನೆ ಇನ್ನೂ ಹಾಗೆಯೇ ಇದೆ. ಅಪ್ಪ ಮಾತ್ರ ಆಗಾಗ ಆ ರಾತ್ರಿ ಬಸ್ಸಿನ ಕಥೆ ತೆಗೆದು, “ಕೌದಿ ಹಲಗೆಗೆ ಅಂತ ಕಟ್ಟಿಕೊಟ್ಟರೆ ಇವನು ತಾನು ಹೊದ್ಕೊಂಡು ಮಲಗಿದ್ದ” ಎಂದು ಬಂದವರ ಮುಂದೆ ಮಗನನ್ನು ಹಂಗಿಸುತ್ತಾರೆ.

ಆಗ ಅಮ್ಮ ಒಳಗಿನಿಂದಲೇ ಹೇಳುತ್ತಾರೆ: “ನಾನು ಕೊಟ್ಟಿದ್ದು ಅವನು ಹೊದ್ಕೊಳ್ಳಲಿ ಅಂತಲೇ.”